ಎಡಗಡೆಯ ಕುರ್ಚಿ

ಆ ಜಪಾನೀ ನ್ಯಾಯಾಧೀಶರು ಗದಗಿಗೆ ಬಂದದ್ದು ಡಂಬಳವನ್ನು ನೋಡುವುದಕ್ಕೆ. ಮುಂಡರಗಿ ತಾಲ್ಲೂಕಿನ ಆ ಊರಿನಲ್ಲಿ ಚಾಲುಕ್ಯರ ಕಾಲದಲ್ಲಿ ಬೌದ್ಧರ ವಿಹಾರವಿತ್ತು, ತಾರಾದೇವಿಯ ಗುಡಿಯಿತ್ತು ಎಂದು ಅವರು ಎಲ್ಲೋ ಓದಿದ್ದರು. ಹೈಕೋರ್ಟಿನಿಂದ ನಿವೃತ್ತರಾಗಿ, ಹೆಂಡತಿಯನ್ನೂ ಕಳೆದುಕೊಂಡ ಮೇಲೆ, ಬೌದ್ಧರು ಒಂದು ಕಾಲಕ್ಕೆ ಇದ್ದು ಆಮೇಲೆ ಇಲ್ಲವಾದ ಊರುಗಳನ್ನು ಹುಡುಕಿಕೊಂಡು ಹೋಗುವುದು ಅವರ ರೂಢಿಯಾಗಿತ್ತು. ಧಾರವಾಡದಲ್ಲಿ ಪಾಠ ಹೇಳುವ ನನ್ನ ಗೆಳತಿಯೊಬ್ಬಳು ಫೋನ್ ಮಾಡಿ, "ನಿನ್ನ ಕಡೆ ಕಾರೂ ಐತಿ, ಇಂಗ್ಲಿಷೂ ಐತಿ, ಎರಡು ದಿನ ತಿರುಗಾಡಿಸಿ ಕಳಸು" ಎಂದಳು. ನಾನು ತಕ್ಷಣ ಒಪ್ಪಿಕೊಂಡೆ. ಅದಕ್ಕೆ ಆತಿಥ್ಯದ ಆಸೆ ಕಾರಣವಾಗಿರಲಿಲ್ಲ. ಆ ಚಳಿಗಾಲದಲ್ಲಿ ಇಡೀ ಜೀವಮಾನ ತೀರ್ಪು ಬರೆದ ಒಬ್ಬರ ಪಕ್ಕದಲ್ಲಿ ಕೂರುವ ಅಗತ್ಯ ನನಗಿತ್ತು. ಏಕೆಂದರೆ ಕೆಲವು ವಾರಗಳ ಹಿಂದಷ್ಟೇ ನಾನೂ ಒಂದು ತೀರ್ಪು ಬರೆದಿದ್ದೆ.

ಲಕ್ಷ್ಮೇಶ್ವರದ ಒಂದು ಹೆಣ್ಣುಮಕ್ಕಳ ವಸತಿನಿಲಯದಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸೊಬ್ಬಳನ್ನು ಕೆಲಸದಿಂದ ತೆಗೆದಿದ್ದರು. ತೆಗೆದಿದ್ದರು ಎಂದು ಬರೆಯುವುದು ತಪ್ಪು, ತೆಗೆದಿದ್ದೆವು. ಹುಡುಗಿಯರೆಲ್ಲ ಅವಳನ್ನು ಉರ್ದುವಿನಲ್ಲಿ ಖಾಲಾ, ಅಂದರೆ ಅಮ್ಮನ ತಂಗಿ, ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತೇನೆ. ಒಂದು ಸಂಜೆ ಪಿಯುಸಿ ಓದುತ್ತಿದ್ದ ಹುಡುಗಿಯೊಬ್ಬಳ ಸೋದರಮಾವನೂ ಅವನ ಕಡೆಯವರೂ ಜೀಪು ತಂದು, ಅಜ್ಜಿಗೆ ಹುಷಾರಿಲ್ಲ, ಹುಡುಗಿಯನ್ನು ಕಳಿಸಿರಿ ಎಂದು ವಸತಿನಿಲಯದ ಎದುರು ನಿಂತಿದ್ದರು. ಅಜ್ಜಿಗೆ ಏನೂ ಆಗಿರಲಿಲ್ಲ. ಹುಡುಗಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ, ಮದುವೆ ಗೊತ್ತಾಗಿತ್ತು. ಅವಳು ಅಡುಗೆಮನೆಯಲ್ಲಿ ಕುಳಿತು ಅಳುತ್ತಿದ್ದಳು. ಮೇಲ್ವಿಚಾರಕಿ ಮುಂದಿನ ಕೋಣೆಯಲ್ಲಿ ರಜೆಯ ಚೀಟಿ ಬರೆಯುತ್ತಿರುವಾಗ ಖಾಲಾ ತನ್ನ ಬುರ್ಖಾವನ್ನು ಆ ಹುಡುಗಿಗೆ ತೊಡಿಸಿ, ಹಿಂಬಾಗಿಲು ತೆಗೆದು, ಮುಂಡರಗಿಯಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗು ಎಂದು ಬಸ್ಸು ಹತ್ತಿಸಿ ಬಂದಳು. ಹಿಂದಿನ ಓಣಿ ಸುತ್ತಿ ಜೀಪಿನವರ ಎದುರಿನಲ್ಲೇ ಹುಡುಗಿ ನಡೆದು ಹೋದಳು, ಯಾರೂ ಗುರುತಿಸಲಿಲ್ಲ. ಅವಳು ಈಗಲೂ ಆ ಚಿಕ್ಕಮ್ಮನ ಮನೆಯಲ್ಲಿದ್ದಾಳೆ, ಕಾಲೇಜಿಗೆ ಹೋಗುತ್ತಿದ್ದಾಳೆ.

ಇದರಲ್ಲಿ ಯಾರು ಯಾರು ತಪ್ಪಿತಸ್ಥರು ಎಂದು ಹೇಳುವುದು ನನಗೆ ಕಷ್ಟವಲ್ಲ. ಹೆಣ್ಣುಮಕ್ಕಳ ಹಕ್ಕಿಗಾಗಿ ಹೋರಾಡುವ ನನಗೆ ಅದೇ ಕೆಲಸ. ಮಗುವನ್ನು ಮದುವೆಗೆ ಎಳೆದೊಯ್ಯಲು ಬಂದ ಸೋದರಮಾವ ತಪ್ಪಿತಸ್ಥ. ಒಂದು ಫೋನೂ ಮಾಡಿ ವಿಚಾರಿಸದೆ ಚೀಟಿ ಬರೆಯಲು ಕುಳಿತ ಮೇಲ್ವಿಚಾರಕಿ ತಪ್ಪಿತಸ್ಥೆ. ವರ್ಷಗಟ್ಟಲೆ ಅಡುಗೆ ಮಾಡಿಸಿಕೊಂಡು ನೇಮಕದ ಒಂದು ಆದೇಶವನ್ನೂ ಕೊಡದ ಸಂಸ್ಥೆ ತಪ್ಪಿತಸ್ಥ. ಪೊಲೀಸರಿಗೆ ದೂರು ಕೊಡಬೇಕಾದಲ್ಲಿ ಅಡುಗೆಯವಳ ಮೇಲೆ ವಿಚಾರಣೆ ನಡೆಸಲು ಹೊರಟ ಆಡಳಿತ ಮಂಡಳಿ ತಪ್ಪಿತಸ್ಥ. ಆ ವಿಚಾರಣೆಗೆ ಮೂವರನ್ನು ನೇಮಿಸಿದರು. ಒಬ್ಬರು ನಿವೃತ್ತ ಹೆಡ್‌ಮಾಸ್ತರರು, ನಾನು ಓದಿದ ಶಾಲೆಯಲ್ಲಿ ನನಗೆ ಪಾಠ ಹೇಳಿದವರು, ನನ್ನಲ್ಲಿ ಏನಾದರೂ ನ್ಯಾಯಬುದ್ಧಿ ಇದ್ದರೆ ಅದನ್ನು ಬಿತ್ತಿದವರು. ಇನ್ನೊಬ್ಬರು ಮೆಣಸಿನಕಾಯಿ ವ್ಯಾಪಾರಿ, ಮಂಡಳಿಯ ಸದಸ್ಯರು. ಮೂರನೆಯವಳು ನಾನು. ಮಹಿಳೆಯರ ಪರ ಮಾತಾಡುವವಳು ಒಬ್ಬಳಿದ್ದರೆ ವಿಚಾರಣೆಗೆ ತೂಕ ಬರುತ್ತದೆ ಎಂದು ನನ್ನನ್ನು ಕರೆದಿದ್ದರು. ಅದು ಗೊತ್ತಿದ್ದೂ ಹೋಗಿದ್ದೆ.

ಹೆಡ್‌ಮಾಸ್ತರರ ಮನೆಯ ಪಡಸಾಲೆಯಲ್ಲಿ ಮೂವರೇ ಕುಳಿತೆವು. ಒಳಗೆ ನಡೆದದ್ದು ಹೀಗೆ. ವ್ಯಾಪಾರಿಗಳು, "ಬುರ್ಖಾ ಹಾಕಿ ಬಸ್ ಹತ್ತಸ್ಯಾಳ್ರೀ ಹಿಂದೂ ಹುಡುಗೀನ! ಊರಾಗ ಖಬರ ಆತಂದ್ರ ನಮ್ಮ ಅಂಗಡಿ ಮುಂದ ಮಂದಿ ನಿಲ್ತಾರ" ಎಂದರು.

"ಆ ಹುಡುಗೀನ ಉಳಿಸ್ಯಾಳ್ರಿ" ಎಂದೆ ನಾನು. "ಆಕೀನ ತಗೀಬಾರದು. ಆಕಿಗೆ ಶಾಲು ಹೊದಿಸಬೇಕು."

"ತಂಗಿ, ನಿನ್ನ ಮಾತು ಖರೆ ಐತಿ" ಎಂದರು ಹೆಡ್‌ಮಾಸ್ತರರು. "ಆದ್ರ ಸಂಸ್ಥಾ ನಡೀಬೇಕಲ್ಲ? ನಾಳೆ ನಮ್ಮನ್ನ ನಂಬಿ ಹೆಣ್ಣುಮಕ್ಕಳನ್ನ ಯಾರ ಕಳಸ್ತಾರ? ಬುರ್ಖಾದ ಮಾತು ಬರ್ಯೂದ ಬ್ಯಾಡ. ಬರದ್ರ ಆಕೀಗೇ ಕೆಡಕು. ಬಾಗಲಾ ತಗದ್ಲು, ನೇಮ ಮುರದ್ಲು, ಇಷ್ಟ ಬರಿ. ಆಕೀಗೆ ಬ್ಯಾರೆ ಕಡೆ ಕೆಲಸ ಕೊಡಸೂದು ನನಗ ಬಿಡು."

ನಮ್ಮ ಕಡೆ ಪಂಚರು ಏಳುವ ಮುನ್ನ ಎಲೆ-ಅಡಿಕೆಯ ತಟ್ಟೆ ಬರುತ್ತದೆ. ಅದರಿಂದ ಎಲೆ ತೆಗೆದುಕೊಂಡವರು ತೀರ್ಮಾನಕ್ಕೆ ಒಪ್ಪಿದರು ಎಂದು ಅರ್ಥ. ಆಮೇಲೆ ಒಳಗಿನ ಭಿನ್ನಮಾತನ್ನು ಹೊರಗೆ ಆಡುವಂತಿಲ್ಲ. ತಟ್ಟೆ ನನ್ನೆದುರಿಗೆ ಬಂದಾಗ ನಾನು ಕೈ ಹಿಂದೆಗೆಯಬಹುದಿತ್ತು. ಹೆಡ್‌ಮಾಸ್ತರರು ನನ್ನ ಗುರುಗಳು, ತಟ್ಟೆಯನ್ನು ತಾವೇ ಎತ್ತಿ ಹಿಡಿದಿದ್ದರು. ನಾನು ತೆಗೆದುಕೊಂಡೆ. ಮೂವರಲ್ಲಿ ಕಿರಿಯಳೂ ಬರೆಯಬಲ್ಲವಳೂ ನಾನೇ ಆದ್ದರಿಂದ ವರದಿ ಬರೆಯುವ ಕೆಲಸವೂ ನನ್ನದಾಯಿತು. ಓದಿ ನೋಡಿದ ಹೆಡ್‌ಮಾಸ್ತರರು, "ಎಷ್ಟು ಛಂದ ಬರದೀಯಲ್ಲ ತಂಗಿ, ಒಂದಕ್ಷರ ಅಲುಗಾಡಸಂಗಿಲ್ಲ" ಎಂದರು. ಆ ಹೊಗಳಿಕೆಯಿಂದ ನನಗೆ ಸಂತೋಷವಾಯಿತು ಎಂಬುದನ್ನು ಇಲ್ಲಿ ಮುಚ್ಚಿಡಲಾರೆ.

ಬೇರೆ ಕಡೆಯ ಕೆಲಸ ಖಾಲಾಳಿಗೆ ಸಿಗಲೇ ಇಲ್ಲ.

ನ್ಯಾಯಾಧೀಶರು ತೆಳ್ಳಗಿನ, ಎತ್ತರದ, ನಡೆಯುವಾಗ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಳ್ಳುವ ಮನುಷ್ಯ. ಡಂಬಳದ ದಾರಿಯಲ್ಲಿ ಬಿಳಿಜೋಳ ತೆನೆ ತೂಗುತ್ತಿತ್ತು, ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು. ಊರಿನಲ್ಲಿ ಬೌದ್ಧರ ಕುರುಹೆಂದು ತೋರಿಸಲು ಹೆಚ್ಚೇನೂ ಉಳಿದಿಲ್ಲ. ಅವರಿಗೆ ಅದರಿಂದ ನಿರಾಶೆಯಾದಂತೆ ಕಾಣಲಿಲ್ಲ. ಕೆರೆಯ ಏರಿಯ ಮೇಲೆ ಕುಳಿತು, ನಾನು ಕೇಳಿದ್ದಕ್ಕೆಲ್ಲ ನಿಧಾನವಾದ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು.

ವಕೀಲಿ ಮಾಡಿ ನ್ಯಾಯಾಧೀಶರಾದವರಲ್ಲ ಅವರು. ಕಠಿಣವಾದ ಪರೀಕ್ಷೆ ಪಾಸಾಗಿ, ತರಬೇತಿ ಮುಗಿಸಿ, ಮೀಸೆ ಬಲಿಯುವ ಮೊದಲೇ ಪೀಠ ಏರಿದವರು. ಮೊದಲ ಊರು ಉತ್ತರದ ಹಿಮದ ನಾಡಿನಲ್ಲಿ. ಸುಮಾರು ಮೂರು ವರ್ಷಕ್ಕೊಮ್ಮೆ ವರ್ಗಾವಣೆ. ವಸಂತ ಬಂದಿತೆಂದರೆ ಮನೆಯಲ್ಲಿ ಯಾರೂ ಹೂವಿನ ಮಾತಾಡುತ್ತಿರಲಿಲ್ಲವಂತೆ, ಮುಂದಿನ ಊರಿನ ಮಾತಾಡುತ್ತಿದ್ದರಂತೆ. ಹೆಂಡತಿ ಕೆಲವು ಪೆಟ್ಟಿಗೆಗಳನ್ನು ಬಿಚ್ಚದೆಯೇ ಊರಿಂದೂರಿಗೆ ಸಾಗಿಸಿದ್ದಳು. ಶಾಲೆಗಳನ್ನು ಬದಲಿಸಿ ಬದಲಿಸಿ ಬೇಸತ್ತ ಮಗಳು, ಒಂದು ಊರಿನಲ್ಲಿ ತರಗತಿಯ ಮಕ್ಕಳ ಹೆಸರು ಕಲಿಯುವುದನ್ನೇ ನಿಲ್ಲಿಸಿಬಿಟ್ಟಳು. ನೆರೆಯವರ ಜೊತೆ ಊಟವಿಲ್ಲ, ಪಾನವಿಲ್ಲ. ಕ್ಷೌರಕ್ಕೆ ಕೂಡ ಪಕ್ಕದ ಊರಿಗೆ ಹೋಗುತ್ತಿದ್ದರು; ಕ್ಷೌರದಂಗಡಿಯಲ್ಲಿ ಜನ ಮೊಕದ್ದಮೆಗಳ ಮಾತಾಡುತ್ತಾರೆ, ಅವು ಕಿವಿಗೆ ಬೀಳಬಾರದು. ನಿಲುವಂಗಿ ಕಪ್ಪು. ಕಪ್ಪಿನ ಮೇಲೆ ಬೇರೆ ಬಣ್ಣ ಹತ್ತುವುದಿಲ್ಲ, ಅದಕ್ಕೇ ಕಪ್ಪು ಎಂದು ಹಿರಿಯರು ಹೇಳಿಕೊಟ್ಟಿದ್ದರಂತೆ.

"ಮೂವರು ಕೂರುವ ಪೀಠದಲ್ಲಿ ನಡುವೆ ಹಿರಿಯರು" ಎಂದರು. "ಅವರ ಬಲಕ್ಕೆ ಅನುಭವಸ್ಥರು. ಎಡಕ್ಕೆ ತೀರ ಕಿರಿಯರು. ತೀರ್ಪಿನ ಕರಡು ಬರೆಯುವುದು ಹೆಚ್ಚಾಗಿ ಎಡಗಡೆಯ ಕುರ್ಚಿಯವರು. ನಾನು ಆ ಕುರ್ಚಿಯಲ್ಲಿ ಬಹಳ ವರ್ಷ ಕುಳಿತೆ. ಆಮೇಲೆ ಹೈಕೋರ್ಟಿಗೆ ಹೋದೆ, ಬಲಕ್ಕೆ ಸರಿದೆ, ಕೊನೆಗೆ ನಡುವೆ ಕುಳಿತೆ. ಆದರೆ ಕನಸಿನಲ್ಲಿ ಈಗಲೂ ನಾನು ಎಡಕ್ಕೇ ಕೂತಿರುತ್ತೇನೆ."

"ಮೂವರಲ್ಲಿ ಒಬ್ಬರಿಗೆ ಒಪ್ಪಿಗೆಯಾಗದಿದ್ದರೆ?"

"ಇಬ್ಬರ ಮಾತೇ ತೀರ್ಪು. ಭಿನ್ನಮತ ಬರೆಯುವ ಅವಕಾಶ ನಮ್ಮಲ್ಲಿ ಸುಪ್ರೀಂ ಕೋರ್ಟಿಗೆ ಮಾತ್ರ. ಕೆಳಗಿನ ನಾವು ಮೂವರೂ ಸಹಿ ಮಾಡುತ್ತೇವೆ. ಒಳಗೆ ಯಾರು ಏನೆಂದರು ಎಂಬುದನ್ನು ಸಾಯುವವರೆಗೆ ಹೇಳುವಂತಿಲ್ಲ."

"ನಿಮಗೆ ಒಪ್ಪಿಗೆಯಿಲ್ಲದ ತೀರ್ಪನ್ನು ನೀವೇ ಬರೆದದ್ದಿದೆಯೇ?"

"ಇದೆ" ಎಂದರು. "ಯಾವುದೆಂದು ಕೇಳಬೇಡಿ." ಆಮೇಲೆ ತಾವೇ ಮುಂದುವರಿಸಿ, "ಅಂಥವನ್ನು ಬರೆಯುವುದಕ್ಕೆ ಹೆಚ್ಚು ಶ್ರಮ ಬೇಕಾಗುತ್ತಿತ್ತು. ನಂಬಿಕೆಯಿಲ್ಲದ ಕಡೆ ವಾಕ್ಯ ಗಟ್ಟಿಯಾಗಿರಬೇಕಲ್ಲ. ಅವುಗಳಲ್ಲೊಂದನ್ನು ನನ್ನ ಹಿರಿಯರು ಬಹಳ ಸ್ಪಷ್ಟವಾಗಿದೆ ಎಂದು ಮೆಚ್ಚಿಕೊಂಡರು" ಎಂದರು.

ನನ್ನ ವರದಿಯ ವಿಷಯವನ್ನು ಅಲ್ಲಿಯೇ ಹೇಳಬಹುದಿತ್ತು. ಗಾಳಿ ಜಾಸ್ತಿಯಾಯಿತು, ಹೊರಡೋಣ ಎಂದೆ.

ಮರುದಿನ ಅವರಿಗೆ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯನ್ನು ತೋರಿಸಿದೆ. ಜಪಾನಿನ ಜಡ್ಜರು ಬಂದಿದ್ದಾರೆಂದು ಕೇಳಿ ಹೆಡ್‌ಮಾಸ್ತರರು ನಮ್ಮನ್ನು ಊಟಕ್ಕೆ ಕರೆದರು. ಬೇಡವೆನ್ನಲು ನನಗೆ ಕಾರಣ ಸಿಗಲಿಲ್ಲ. ಅವರ ಹೆಂಡತಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿ, ಬಾಗಿಲಲ್ಲಿ ನಿಂತು ನನ್ನ ಕಿವಿಯಲ್ಲಿ ಕೇಳಿದರು: "ಯವ್ವಾ, ಇವರು ರೊಟ್ಟೀನೂ ಕಡ್ಡೀಲೇ ತಿಂತಾರೇನ?"

"ಏ, ಸುಮ್ನಿರ, ಹೈಕೋರ್ಟ್ ಜಡ್ಜ್ ಅವ್ರು" ಎಂದು ಹೆಡ್‌ಮಾಸ್ತರರು ಗದರಿದರು. ನ್ಯಾಯಾಧೀಶರು ರೊಟ್ಟಿಯನ್ನು ಕೈಯಿಂದಲೇ ಮುರಿದು, ಚಟ್ನಿಯ ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತ ಮೂರನೆಯ ರೊಟ್ಟಿಯನ್ನೂ ಹಾಕಿಸಿಕೊಂಡಾಗ ಆ ತಾಯಿಗೆ ಆದ ಖುಷಿ ಹೇಳತೀರದು.

ಊಟವಾದ ಮೇಲೆ ಎಲೆ-ಅಡಿಕೆಯ ತಟ್ಟೆ ಬಂತು. ಅದೇ ತಟ್ಟೆ. ಹೆಡ್‌ಮಾಸ್ತರರು ಉತ್ಸಾಹದಿಂದ ವಿವರಿಸತೊಡಗಿದರು. "ನಮ್ಮ ಕಡೆ ಪಂಚರು ಎಷ್ಟ ಮಂದೀನ ಇರ್ಲಿ, ಬಾಯಿ ಒಂದ. ಇದನ್ನ ತಗೊಂಡ್ರಂದ್ರ ಆತು, ಮಾತು ಮುಗೀತು. ಹೇಳ ತಂಗಿ ಅವರಿಗೆ."

ನಾನು ಹೇಳಿದೆ. ನ್ಯಾಯಾಧೀಶರು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, "ತೆಗೆದುಕೊಳ್ಳದಿದ್ದರೆ?" ಎಂದು ಕೇಳಿದರು. ಅದನ್ನೂ ಅನುವಾದಿಸಿದೆ. ಹೆಡ್‌ಮಾಸ್ತರರು ಮನಸಾರೆ ನಕ್ಕರು. "ತಗೊಳ್ಳಾರದವ್ರು ನಮ್ಮೂರಾಗ ಇನ್ನೂ ಹುಟ್ಟಿಲ್ಲ ಅನ್ನು."

ಅಲ್ಲಿಂದ ಹೊರಟವಳು ಕಾರನ್ನು ಗದಗಿನ ರಸ್ತೆಗೆ ತಿರುಗಿಸದೆ ಖಾಲಾಳ ಓಣಿಗೆ ತಿರುಗಿಸಿದೆ. ಹೋರಾಟಗಾರರಿಗೆ ಒಂದು ಚಾಳಿಯಿದೆ: ಹೊರಗಿನವರು ಬಂದರೆ ನೊಂದವರ ಮನೆಗೆ ಕರೆದೊಯ್ದು ತೋರಿಸುವುದು. ಅನ್ಯಾಯವನ್ನು ನಾನು ತೋರಿಸುತ್ತಿದ್ದೇನೆ ಎಂಬ ಭಾವ ಇದ್ದಷ್ಟು ಹೊತ್ತು, ಅನ್ಯಾಯ ಮಾಡಿದವಳು ನಾನು ಎಂಬುದು ಹಿಂದೆ ಸರಿದಿರುತ್ತದೆ. ಅಂದು ನಾನು ಹೋದದ್ದು ಆ ಚಾಳಿಯಿಂದಲೇ.

ಖಾಲಾಳ ಗಂಡನ ಮೂರು ಗಾಲಿಯ ಟಂಟಂ ಬಾಗಿಲಲ್ಲಿ ನಿಂತಿತ್ತು. ಶಾಲೆಯ ಮಕ್ಕಳನ್ನು ಬಿಟ್ಟುಬರುವ ಬಾಡಿಗೆ ಅವನದು. ಖಾಲಾ ನನ್ನನ್ನು ಕಂಡು, "ಬರ್ರಿ ಅಕ್ಕಾರ, ಕುಂಡ್ರಿ. ಮದಲ ಹೊಟ್ಟಿ ಮ್ಯಾಲ ಹೊಡದು ಆಮ್ಯಾಲ ಭೆಟ್ಟಿಗೆ ಬರೂದು ನಿಮ್ಮ ಪದ್ಧತೇನ?" ಎಂದಳು. ನಗುತ್ತಲೇ ಹೇಳಿದಳು, ಆದರೆ ತಮಾಷೆಯಲ್ಲ. ಶುಂಠಿ ಚಹಾ ಮಾಡಿ ತಂದಳು. ಬಂದವರು ಯಾರೆಂದು ತಿಳಿದ ಮೇಲೆ ಅವಳ ಕಣ್ಣು ಚುರುಕಾಯಿತು.

"ಜಡ್ಜ್ ಸಾಹೇಬ್ರನ್ನ ಕೇಳ್ರಿ, ನಿಮ್ಮ ದೇಶದಾಗ ಹುಡುಗೀ ಸಲುವಾಗಿ ಬಾಗ್ಲಾ ತಗದವ್ರನ್ನ ಕೆಲಸದಿಂದ ತಗೀತಾರೇನಂತ."

ನಾನು ಕೇಳಿದೆ. ಅವರು ತಲೆ ತಗ್ಗಿಸಿ, "ಎರಡೂ ಕಡೆಯವರನ್ನು ಕೇಳದೆ ನಾನು ಏನೂ ಹೇಳಬಾರದು, ಕ್ಷಮಿಸಿ" ಎಂದರು.

"ಹಾಂ, ಇವರೂ ನಿಮ್ಮ ಪೈಕೀನ!" ಎಂದು ಖಾಲಾ ಚಪ್ಪಾಳೆ ತಟ್ಟಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ನನ್ನನ್ನೇ ನೋಡಿದಳು. "ಗದಗಿನ ಲೇಬರ್ ಆಫೀಸಿಗೆ ಅರ್ಜಿ ಕೊಟ್ಟೇನ್ರಿ. ಕೊಟ್ರ, ಮೂರೂ ಮಂದಿ ಒಂದ ಬಾಯೀಲೆ ಬರದಾರ, ಈ ಕೇಸ್ ನಿಂದ್ರೂದಿಲ್ಲ ಅಂತಾನ ವಕೀಲ. ನೌಕರಿ ಹೋದ್ರ ಹೋತು, ನಾಕ ಮನಿ ಅಡಿಗಿ ಮಾಡೇನು. ಹೆಸರ ಹೋತಲ್ರಿ. ಹುಡುಗೀನ ಓಡಿಸ್ದಾಕಿ ಅಂತ ಮದವಿ ಅಡಿಗಿಗೂ ಕರೀವಲ್ರು. ಖರೆ ಹೇಳ್ರಿ ಅಕ್ಕಾರ, ನಿಮ್ಮ ಮೂರು ಮಂದ್ಯಾಗ ಒಬ್ಬರಾದ್ರೂ ಬ್ಯಾಡ ಅಂದಿರೇನು?"

ಚಹಾದ ಕಪ್ಪನ್ನು ನೆಲದ ಮೇಲಿಟ್ಟೆ. "ಹೊತ್ತಾತು ಖಾಲಾ, ಬರ್ತೀವಿ" ಎಂದೆ.

ಗದಗಿನ ರಸ್ತೆಯ ಇಬ್ಬದಿಗೂ ಮೆಣಸಿನಕಾಯಿ ಹರವಿದ್ದರು. ಕಿಟಕಿ ಏರಿಸಿದರೂ ಘಾಟು ಒಳಗೆ ಬರುತ್ತಿತ್ತು. ಊರು ದಾಟಿದ ಮೇಲೆ ನ್ಯಾಯಾಧೀಶರು ಹೇಳಿದರು: "ಆಕೆ ಕೇಳಿದ ಕೊನೆಯ ಪ್ರಶ್ನೆಯನ್ನು ನೀವು ನನಗೆ ಅನುವಾದಿಸಲಿಲ್ಲ."

ಕಾರನ್ನು ಒಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಜೀಪು, ಬುರ್ಖಾ, ವ್ಯಾಪಾರಿಗಳ ಭಯ, ಗುರುಗಳು ಹಿಡಿದ ತಟ್ಟೆ. ಕೊನೆಗೆ, "ನಿಮ್ಮ ಹಾಗೆಯೇ ನಾನೂ" ಎಂದೆ. ಅವರು ಸಮಾಧಾನ ಹೇಳುತ್ತಾರೆ ಎಂದು ಕಾದಿದ್ದೆ.

"ನನ್ನ ಹಾಗೆ ಅಲ್ಲ" ಎಂದರು. ಧ್ವನಿ ಏರಿರಲಿಲ್ಲ. "ನನ್ನ ಮೌನವನ್ನು ಕಾನೂನು ಕೇಳಿತ್ತು. ಅದರಿಂದ ನನ್ನ ಭಾರ ಇಳಿಯಿತು ಎಂದು ತಿಳಿಯಬೇಡಿ, ಇಳಿದಿಲ್ಲ. ಆದರೆ ನನ್ನ ಮೇಲೆ ಇನ್ನೊಂದು ನ್ಯಾಯಾಲಯವಿತ್ತು. ನಾನು ಒಪ್ಪದ ತೀರ್ಪು ಬರೆದಾಗಲೂ ಸಾಕ್ಷ್ಯವನ್ನೆಲ್ಲ ಕಡತದಲ್ಲಿ ಇಟ್ಟೇ ಬರೆದೆ. ಮೇಲಿನವರು ಅದನ್ನು ಬೇರೆ ರೀತಿ ಓದಬಹುದಿತ್ತು. ನಿಮ್ಮ ವರದಿಯಲ್ಲಿ ಬುರ್ಖಾದ ಮಾತು ಇದೆಯೇ?"

"ಇಲ್ಲ."

"ಜೀಪಿನ ಮಾತು?"

"ಇಲ್ಲ. ಬಾಗಿಲು ಮಾತ್ರ ಇದೆ."

ಆ ಉತ್ತರ ಕೊಡುತ್ತಿದ್ದಂತೆಯೇ ನಾನು ಮಾಡಿದ್ದು ನನಗೆ ಕಂಡಿತು. ಖಾಲಾಳನ್ನು ರಕ್ಷಿಸುತ್ತಿದ್ದೇನೆ ಎಂದುಕೊಂಡು ಬುರ್ಖಾವನ್ನು ಬಿಟ್ಟಿದ್ದೆ. ಯಾವ ಕಾರಣಕ್ಕೆ ಅವಳನ್ನು ತೆಗೆದರೋ ಆ ಕಾರಣವನ್ನೇ ವರದಿಯಿಂದ ತೆಗೆದುಹಾಕಿದ್ದೆ. ಅವಳ ಧರ್ಮದ ಭಯದಿಂದ ಆದ ತೀರ್ಮಾನವನ್ನು ಬಾಗಿಲಿನ ನೇಮವೆಂದು ಶುದ್ಧವಾದ ಕನ್ನಡದಲ್ಲಿ ಬರೆದುಕೊಟ್ಟಿದ್ದೆ. ವ್ಯಾಪಾರಿಗಳು ಬರೆದಿದ್ದರೆ ಪೂರ್ವಗ್ರಹ ಕಾಗದದ ಮೇಲೆ ಎದ್ದು ಕಾಣುತ್ತಿತ್ತು. ಯಾವ ಅಧಿಕಾರಿಯಾದರೂ ಅದನ್ನು ಹಿಡಿಯುತ್ತಿದ್ದ. ಹಿಡಿಯಲು ಸಿಗದಂತೆ ಮಾಡಿದ್ದು ನನ್ನ ವಿದ್ಯೆ.

ಗದಗಿನ ರೈಲ್ವೆ ನಿಲ್ದಾಣದಲ್ಲಿ ಅವರನ್ನು ಬೀಳ್ಕೊಡುವಾಗ ಅವರು ಒಂದೇ ಮಾತು ಹೇಳಿದರು: "ನಿಮ್ಮ ಮನಸ್ಸು ಹಗುರಾಗಲೆಂದು ಆಕೆಗೆ ಹೇಳಬೇಡಿ. ಆಕೆಗೆ ಉಪಯೋಗವಾಗುವುದಾದರೆ ಹೇಳಿ."

ಆ ವಾರವೇ ಖಾಲಾಳ ಮನೆಗೆ ಹೋದೆ. ಬ್ಯಾಡ ಅಂದಾಕಿ ನಾನು, ಬರೆದಾಕಿಯೂ ನಾನು ಎಂದು ಹೇಳಿದೆ. ಒಳಗೆ ನಡೆದದ್ದನ್ನೆಲ್ಲ ಲೇಬರ್ ಆಫೀಸಿನಲ್ಲಿ ಹೇಳಿಕೆಯಾಗಿ ಕೊಡುತ್ತೇನೆ, ಆದರೆ ಬುರ್ಖಾದ ಮಾತು ಹೊರಗೆ ಬರುತ್ತದೆ, ನೀನು ಒಪ್ಪಿದರೆ ಮಾತ್ರ ಎಂದೆ. ಅವಳು ಹಿಟ್ಟು ನಾದುತ್ತಲೇ ಕೇಳಿದಳು.

"ಆ ಮಾತು ಹೊರಗ ಬಂದ್ರ ನಮ್ಮ ಓಣಿಗೆ ಏನಾಕ್ಕತಿ ಅನ್ನೂದು ಗೊತ್ತೈತೇನ್ರಿ ನಿಮಗ? ನೀವು ಗದಗಿಗೆ ಹೋಗಿ ಮಕ್ಕೋತೀರಿ. ನಾವು ಇಲ್ಲೇ ಇರಬೇಕು."

ಅವಳು ಕೈ ತೊಳೆದುಕೊಂಡು ಬಂದಳು. "ಹೇಳ್ರಿ. ನಾ ಏನ್ ಕಳುವು ಮಾಡಿಲ್ಲ. ಆ ಹುಡುಗಿ ಅರಾಮ ಐತಿ. ಹೇಳ್ರಿ."

ಹೇಳಿಕೆ ಕೊಡುವ ಮೊದಲು ಹೆಡ್‌ಮಾಸ್ತರರ ಮನೆಗೂ ಹೋಗಿ ತಿಳಿಸಿದೆ. ಅವರು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಸುಲಭವಾಗುತ್ತಿತ್ತು. "ತಂಗಿ, ನಲವತ್ತು ವರ್ಷ ಈ ಊರಾಗ ಪಂಚನಾಗಿ ಕುಂತೇನಿ. ಒಳಗಿನ ಮಾತು ಹೊರಗ ಬಂದಿದ್ದು ಇದ ಮದಲ" ಎಂದಷ್ಟೇ ಹೇಳಿ ಮನೆಯೆದುರಿನ ಹೊಲದ ಕಡೆ ಮುಖ ತಿರುಗಿಸಿದರು. ಏನೂ ತಿಳಿಯದ ಅವರ ಹೆಂಡತಿ ಎಂದಿನಂತೆ ಎಲೆ-ಅಡಿಕೆಯ ತಟ್ಟೆ ತಂದು ಹಿಡಿದರು. ನಾನು ಕೈ ಮುಗಿದೆ. ಅವರು ತಟ್ಟೆಯನ್ನು ಹಿಡಿದುಕೊಂಡೇ ನನ್ನ ಮುಖವನ್ನೂ ಗಂಡನ ಮುಖವನ್ನೂ ನೋಡುತ್ತ ನಿಂತರು. ಆ ಮನೆಗೆ ನಾನು ಮತ್ತೆ ಹೋಗಿಲ್ಲ.

ಗದಗಿನ ಆಫೀಸಿನಲ್ಲಿ ವಿಚಾರಣೆಯ ದಿನ ಸಂಸ್ಥೆಯ ವಕೀಲರು ನನ್ನ ವರದಿಯನ್ನು ಎತ್ತಿ ಹಿಡಿದು ಗಟ್ಟಿಯಾಗಿ ಓದಿದರು. "'ವಸತಿನಿಲಯದ ಹೆಣ್ಣುಮಕ್ಕಳ ಸುರಕ್ಷತೆಯ ಹೊಣೆ ಹೊತ್ತವರು ತಮ್ಮ ವಿವೇಕವನ್ನು ನೇಮಕ್ಕಿಂತ ಮೇಲೆಂದು ಭಾವಿಸುವುದು ಅಪಾಯಕರ.' ಈ ವಾಕ್ಯ ಯಾರದು?"

"ನನ್ನದು."

"ಸಹಿ?"

"ನನ್ನದು."

"ಮೂವರೂ ಒಪ್ಪಿ ಕೊಟ್ಟ ವರದಿ ಎಂದು ಇಲ್ಲಿದೆ. ಅದೂ ನಿಮ್ಮ ಅಕ್ಷರವೇ? ಹಾಗಾದರೆ ಅಂದು ಬರೆದದ್ದು ಸುಳ್ಳೋ, ಇಂದು ಹೇಳುವುದು ಸುಳ್ಳೋ?"

ಅಂದು ಬರೆದದ್ದು ಸುಳ್ಳು ಎಂದೆ. ಅಧಿಕಾರಿ ಬರೆದುಕೊಂಡರು. ಖಾಲಾ ಗೋಡೆಯ ಬದಿಯ ಬೆಂಚಿನ ಮೇಲೆ ಕುಳಿತಿದ್ದಳು. ತನ್ನನ್ನು ಮನೆಗೆ ಕಳಿಸಿದ ವಾಕ್ಯವನ್ನು ಅವಳು ಕೇಳಿದ್ದು ಅಂದೇ ಮೊದಲು. ಅದು ಎಷ್ಟು ಚೆನ್ನಾಗಿದೆ ಎಂಬುದೂ ಆ ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು. ಪ್ರಕರಣವನ್ನು ಮುಂದೂಡಿದರು, ವ್ಯಾಪಾರಿಗಳನ್ನೂ ಹೆಡ್‌ಮಾಸ್ತರರನ್ನೂ ಕರೆಸಬೇಕು ಎಂದರು. ಈ ಕೇಸು ಗಟ್ಟಿಯಾಗಿ ನಿಲ್ಲಬಹುದು ಎಂದು ಖಾಲಾಳ ವಕೀಲರಿಗೆ ಈಗ ಅನ್ನಿಸುತ್ತಿದೆ. ಆದರೆ ಬುರ್ಖಾದ ಮಾತು ಊರಿಗೆ ತಲುಪಿದ ಮೇಲೆ ಎರಡು ಮನೆಯವರು ಮಕ್ಕಳನ್ನು ಅವಳ ಗಂಡನ ಟಂಟಂ ಬಿಡಿಸಿ ಬೇರೆ ಗಾಡಿಗೆ ಹತ್ತಿಸಿದ್ದಾರೆ. ಇದೂ ನನ್ನ ಲೆಕ್ಕಕ್ಕೇ ಸೇರಬೇಕಾದದ್ದು.

ಹೊರಗೆ ಮೆಟ್ಟಿಲ ಬಳಿ ಅವಳಿಗಾಗಿ ಕಾದು ನಿಂತಿದ್ದೆ. ಅವಳು ಸೆರಗು ಸರಿ ಮಾಡಿಕೊಳ್ಳುತ್ತ ಬಂದು ನನ್ನೆದುರು ನಿಂತಳು.

"ಬ್ಯಾಡ ಅಂದಾಕೀನೂ ನೀವ, ಬರದಾಕೀನೂ ನೀವ, ಬರದದ್ದು ಸುಳ್ಳಂದಾಕೀನೂ ನೀವ" ಎಂದಳು. "ಮೂರೂ ಕುರ್ಚಿ ನೀವ ಹಿಡದ್ರ ನಾ ಯಾರ ಮ್ಯಾಲ ಸಿಟ್ಟ ಮಾಡ್ಲಿ ಹೇಳ್ರಿ?"

"ನನ್ನ ಮ್ಯಾಲ ಮಾಡ ಖಾಲಾ."

"ಮಾಡೇನಲ್ಲ. ಅದಕ್ಕೇನು ನಿಮ್ಮ ಪರವಾನಗಿ ಬೇಕ?" ಎಂದು ಟಂಟಂ ಕಡೆ ನಡೆದಳು. ಅವಳ ಗಂಡ ಗಾಡಿ ಚಾಲೂ ಮಾಡಿ, ನನ್ನನ್ನು ನೋಡಿ, "ಅಕ್ಕಾರನ್ನ ಮನೀಮಟ ಬಿಡೂಣೇನ?" ಎಂದು ಅವಳನ್ನು ಕೇಳಿದ.

"ಅವ್ರಿಗೆ ಕಾರ್ ಐತಿ" ಎಂದಳು ಖಾಲಾ. ಗಾಡಿ ತಿರುಗುವಾಗ ತಲೆ ಹೊರಹಾಕಿ ನನಗೆ ಕೂಗಿದಳು: "ಮುಂದಿನ ತಾರೀಖಿಗೆ ಜಲ್ದಿ ಬರ್ರಿ. ತಪ್ಪಿಸಬ್ಯಾಡ್ರಿ ಮತ್ತ."